ಕ್ಯಾನ್ಸರ್ ರೋಗಿಗೆ ರಕ್ತ ಹೆಪ್ಪುಗಟ್ಟುವ ಒಲವು ವಂಶದಿಂದಲೂ ಬಂದಿದೆಯೇ? ಪತ್ತೆ ಮಾಡುವ ಬಗೆ

ಕೀಮೋ ಶುರುವಾಗುವ ಮುನ್ನ ರೋಗಿಯ ಫೈಲಿನಲ್ಲಿ ಎರಡು ಕಾಗದ ಸಾಮಾನ್ಯವಾಗಿ ಸೇರಿರುತ್ತವೆ: ರಕ್ತಕಣಗಳ ಎಣಿಕೆ ತೋರುವ ಸಿಬಿಸಿ ರಿಪೋರ್ಟು ಮತ್ತು ರಕ್ತದ ಗುಂಪಿನ ಚೀಟಿ. ಹೆಪ್ಪಿನ ಅಪಾಯವನ್ನು ಅಳೆಯುವ ಕೆಲಸದಲ್ಲಿ ದೊಡ್ಡ ಪಾಲು ಈ ಎರಡರಿಂದಲೇ ಆಗುತ್ತದೆ. ಇನ್ನೊಂದು ಪಾಲು ಮನೆಯ ಹಿರಿಯರ ನೆನಪಿನಲ್ಲಿದೆ. ವಂಶದ ದೋಷ ಹುಡುಕುವ, ಸಾವಿರಾರು ರೂಪಾಯಿಯ ಜೀನ್ ಪ್ಯಾನೆಲ್ ಬರುವುದು ಇಷ್ಟೆಲ್ಲ ಆದ ಮೇಲೆ, ಅದೂ ಎಲ್ಲರಿಗೂ ಅಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದಂತೆ ಮೊದಲೇ ಪ್ಯಾನೆಲ್ ಮಾಡಿಸುತ್ತಾರೆ, ‘ನೆಗೆಟಿವ್’ ಎಂಬ ಪದ ಕಂಡು ನಿಶ್ಚಿಂತರಾಗುತ್ತಾರೆ. ಆ ನಿಶ್ಚಿಂತೆಗೆ ನಮ್ಮ ಜನರ ಮಟ್ಟಿಗೆ ಆಧಾರ ತೀರಾ ಕಡಿಮೆ. ಏಕೆಂಬುದು ಮುಂದೆ ಬರುತ್ತದೆ.

ಹೊಸೂರು ರಸ್ತೆಯ ಕಿದ್ವಾಯಿಯಲ್ಲಾಗಲಿ, ಬೆಂಗಳೂರಿನ ಬೇರಾವ ಆಸ್ಪತ್ರೆಯಲ್ಲಾಗಲಿ ಚಿಕಿತ್ಸೆ ಪಡೆಯುತ್ತಿರುವವರ ಮನೆಯವರಿಗಾಗಿ ಈ ವಿವರ. ಔಷಧಿ ಬರೆಯುವುದು ವೈದ್ಯರ ಕೆಲಸ. ಆದರೆ ಒಪಿಡಿಯಲ್ಲಿ ಸಿಗುವ ನಾಲ್ಕೈದು ನಿಮಿಷದಲ್ಲಿ ಸರಿಯಾದ ಮಾಹಿತಿಯನ್ನು ಅವರ ಮುಂದಿಡುವುದು ಮನೆಯವರಿಂದ ಮಾತ್ರ ಆಗುವಂಥದ್ದು.

ಮೊದಲ ಕಾರಣ ಕ್ಯಾನ್ಸರೇ

ಕ್ಯಾನ್ಸರಿಗೂ ಹೆಪ್ಪಿಗೂ ನಂಟಿದೆಯೆಂದು ಫ್ರಾನ್ಸಿನ ವೈದ್ಯ ಆರ್ಮಾಂಡ್ ಟ್ರೂಸೋ 1865ರಲ್ಲೇ ಹೇಳಿದ್ದ. ಗೆಡ್ಡೆಯ ಜೀವಕೋಶಗಳು ‘ಟಿಶ್ಯೂ ಫ್ಯಾಕ್ಟರ್’ ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಗಾಯವಾದಾಗ ರಕ್ತ ನಿಲ್ಲಿಸಲು ದೇಹ ಬಳಸುವ ಕಿಡಿ ಅದೇ. ಗಾಯವಿಲ್ಲದೆಯೂ ಕಿಡಿ ಹಾರುತ್ತಿದ್ದರೆ ರಕ್ತ ಸದಾ ಹೆಪ್ಪಿನ ಕಡೆಗೆ ವಾಲಿಕೊಂಡಿರುತ್ತದೆ. ಇದರ ಮೇಲೆ ಕೀಮೋ ರಕ್ತನಾಳದ ಒಳಪದರವನ್ನು ಕೆರಳಿಸುತ್ತದೆ, ಔಷಧಿ ಹರಿಸಲು ಹಾಕಿದ ಪಿಕ್ ಲೈನ್ ಅಥವಾ ಪೋರ್ಟ್ ಎಂಬ ಕೊಳವೆ ನಾಳದೊಳಗೆ ಕೂತಿರುತ್ತದೆ, ಸುಸ್ತಿನಿಂದ ರೋಗಿ ಮಲಗಿಯೇ ಇರುತ್ತಾರೆ. ನೆದರ್‌ಲೆಂಡ್ಸ್‌ನ ದೊಡ್ಡ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಕ್ಯಾನ್ಸರ್ ಇಲ್ಲದವರಿಗಿಂತ ಇರುವವರಿಗೆ ಅಭಿಧಮನಿಯಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು 7 ಪಟ್ಟು ಹೆಚ್ಚು. ರೋಗ ಪತ್ತೆಯಾದ ಮೊದಲ ಕೆಲವು ತಿಂಗಳಲ್ಲಂತೂ ಅಪಾಯ ಇದಕ್ಕಿಂತ ಎಷ್ಟೋ ಮೇಲಿರುತ್ತದೆ. ಕ್ಯಾನ್ಸರಿನ ಜೊತೆಗೆ ‘ಫ್ಯಾಕ್ಟರ್ ಫೈವ್ ಲೈಡನ್’ ಎಂಬ ವಂಶದ ಬದಲಾವಣೆಯೂ ಇದ್ದವರಲ್ಲಿ, ಎರಡೂ ಇಲ್ಲದವರಿಗೆ ಹೋಲಿಸಿದರೆ, ಆ ಸಂಖ್ಯೆ 12 ಪಟ್ಟಿಗೆ ಏರಿತ್ತು.

ಅಂದರೆ ಜೀನಿನ ಪಾಲು ನಿಜ, ಆದರೆ ಹೊರೆಯ ದೊಡ್ಡ ಭಾಗ ಕ್ಯಾನ್ಸರಿನದೇ. ಜೀನ್ ಚೆನ್ನಾಗಿದ್ದರೂ ಜಠರದ ಅಥವಾ ಮೇದೋಜೀರಕದ ಕ್ಯಾನ್ಸರ್ ಇರುವವರ ಅಪಾಯ ಹೆಚ್ಚೇ ಇರುತ್ತದೆ.

ಗೆಡ್ಡೆಯ ಜೀನ್ ರಿಪೋರ್ಟು ಬೇರೆ, ವಂಶದ ಜೀನ್ ರಿಪೋರ್ಟು ಬೇರೆ

ಈಗ ಅನೇಕ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಕೈಯಲ್ಲಿ ‘ಎನ್‌ಜಿಎಸ್’ ರಿಪೋರ್ಟು ಇರುತ್ತದೆ. ಬಯಾಪ್ಸಿಯ ತುಣುಕಿನಿಂದ ಮಾಡಿದ ಆ ಪರೀಕ್ಷೆ ಮುಖ್ಯವಾಗಿ ಗೆಡ್ಡೆಯೊಳಗೆ ಹುಟ್ಟಿಕೊಂಡ ಜೀನ್ ಬದಲಾವಣೆಗಳನ್ನು ತೋರಿಸುತ್ತದೆ. ಅವು ತಂದೆತಾಯಿಯಿಂದ ಬಂದವಲ್ಲ, ಮಕ್ಕಳಿಗೆ ಹೋಗುವವೂ ಅಲ್ಲ. ಹಾಗೆಂದು ಹೆಪ್ಪಿನ ವಿಷಯದಲ್ಲಿ ಆ ರಿಪೋರ್ಟನ್ನು ಬದಿಗಿಡಬೇಡಿ. ಎಎಲ್‌ಕೆ ಅಥವಾ ಆರ್‌ಓಎಸ್1 ಎಂಬ ಜೀನಿನ ಬದಲಾವಣೆ ಇರುವ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೆಪ್ಪು ಬಹಳ ಸಾಮಾನ್ಯ. ಎಎಲ್‌ಕೆ ಇರುವವರಲ್ಲಿ ಸುಮಾರು ಮೂವರಲ್ಲೊಬ್ಬರಿಗೆ ಕಾಯಿಲೆಯ ಅವಧಿಯಲ್ಲಿ ಯಾವಾಗಲಾದರೂ ಹೆಪ್ಪು ಆಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಗ್ಲಯೋಮಾ ಎಂಬ ಮೆದುಳಿನ ಗೆಡ್ಡೆಯಲ್ಲಿ ಲೆಕ್ಕ ತಿರುಗುಮುರುಗು: ಐಡಿಎಚ್1 ಜೀನಿನ ಬದಲಾವಣೆ ಇದ್ದರೆ ಹೆಪ್ಪಿನ ಅಪಾಯ ಕಡಿಮೆ, ಇಲ್ಲದಿದ್ದರೆ ಹೆಚ್ಚು.

ಜೆಎಕೆ2 ವಿ617ಎಫ್ ಎಂಬ ಜೀನ್ ಬದಲಾವಣೆಯನ್ನು ಪ್ರತ್ಯೇಕವಾಗಿ ಹೇಳಬೇಕು. ರಕ್ತ ಅತಿಯಾಗಿ ದಪ್ಪವಾಗುವ ಪಾಲಿಸೈಥೀಮಿಯಾ ವೆರಾದಲ್ಲಿ ಇದು ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ, ಪ್ಲೇಟ್‌ಲೆಟ್ ಏರುವ ಎಸೆನ್ಷಿಯಲ್ ಥ್ರಾಂಬೊಸೈಥೀಮಿಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ. ಇದನ್ನು ರಕ್ತದಲ್ಲೇ ನೋಡುವುದರಿಂದ ವಂಶದ್ದೆಂದು ತಪ್ಪು ತಿಳಿಯುವವರು ಬಹಳ. ಇದು ಮಜ್ಜೆಯಲ್ಲಿ ಬದುಕಿನ ನಡುವೆ ಹುಟ್ಟಿದ ಬದಲಾವಣೆ. ಯಕೃತ್ತಿನ ಅಭಿಧಮನಿ ಅಥವಾ ಹೊಟ್ಟೆಯ ಪೋರ್ಟಲ್ ನಾಳದಂಥ ಅಪರೂಪದ ಜಾಗದಲ್ಲಿ ಹೆಪ್ಪು ಕಂಡರೆ ರಕ್ತದ ಎಣಿಕೆ ಸರಿಯಿದ್ದರೂ ಈ ಪರೀಕ್ಷೆ ಕೇಳಿ.

ಸಿಬಿಸಿ ಹಿಡಿದು ಅಂಕ ಹಾಕುವುದು

ಕ್ಯಾನ್ಸರ್ ವೈದ್ಯ ಅಲೋಕ್ ಖೊರಾನಾ ಮತ್ತು ಸಂಗಡಿಗರು ಹೆಪ್ಪಿನ ಅಪಾಯ ಅಳೆಯಲು 2008ರಲ್ಲಿ ರೂಪಿಸಿದ ಖೊರಾನಾ ಸ್ಕೋರ್ ಪೆನ್ನು ಕಾಗದದಲ್ಲೇ ಆಗುತ್ತದೆ. ಜಠರ ಅಥವಾ ಮೇದೋಜೀರಕದ ಕ್ಯಾನ್ಸರಿಗೆ 2 ಅಂಕ. ಶ್ವಾಸಕೋಶ, ಲಿಂಫೋಮಾ, ಗರ್ಭಕೋಶ-ಅಂಡಾಶಯ, ಮೂತ್ರಕೋಶ, ವೃಷಣ ಇವಕ್ಕೆ 1. ಪ್ಲೇಟ್‌ಲೆಟ್ 3.5 ಲಕ್ಷ ಅಥವಾ ಹೆಚ್ಚಿದ್ದರೆ 1. ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ರಕ್ತ ಹೆಚ್ಚಿಸುವ ಎರಿಥ್ರೊಪೊಯಿಟಿನ್ ಇಂಜೆಕ್ಷನ್ ನಡೆದಿದ್ದರೆ 1. ಬಿಳಿ ರಕ್ತಕಣ 11,000 ದಾಟಿದ್ದರೆ 1. ಎತ್ತರಕ್ಕೆ ತಕ್ಕ ತೂಕವೇ ಎಂದು ಹೇಳುವ ಬಿಎಂಐ 35 ಅಥವಾ ಮೇಲಿದ್ದರೆ 1. ಐದಡಿಗೆ ಸ್ವಲ್ಪ ಕಡಿಮೆ, ಅಂದರೆ 150 ಸೆಂ.ಮೀ. ಎತ್ತರದವರು 79 ಕಿಲೋ ತೂಗಿದರೆ ಅಲ್ಲಿಗೆ ಮುಟ್ಟುತ್ತಾರೆ. ಒಟ್ಟು 3 ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು, 1 ಅಥವಾ 2 ಮಧ್ಯಮ, ಸೊನ್ನೆ ಕಡಿಮೆ. ಜಠರದ ಕ್ಯಾನ್ಸರ್, ಪ್ಲೇಟ್‌ಲೆಟ್ 4.1 ಲಕ್ಷ, ಉಳಿದದ್ದೆಲ್ಲ ಸರಿ ಎಂದಿಟ್ಟುಕೊಳ್ಳಿ: 2 ಕೂಡಿಸು 1, ಅಲ್ಲಿಗೇ 3.

ಲೆಕ್ಕ ಸುಲಭ, ತಪ್ಪುವುದು ತಾರೀಕಿನಲ್ಲಿ. ಮೊದಲ ಕೀಮೋಗೆ ಮುಂಚಿನ ಸಿಬಿಸಿಯನ್ನೇ ಹಿಡಿಯಬೇಕು. ಬಿಳಿಕಣ ಏರಿಸುವ ಇಂಜೆಕ್ಷನ್ ಕೊಟ್ಟ ಮೇಲಿನ ರಿಪೋರ್ಟಿನಲ್ಲಿ ಆ ಎಣಿಕೆ ಹೇಗೂ 11,000 ದಾಟಿರುತ್ತದೆ. ರಕ್ತ ಏರಿಸಿದ ಮರುದಿನದ ಹಿಮೋಗ್ಲೋಬಿನ್ ಕೂಡ ಸುಳ್ಳು ಚಿತ್ರ ಕೊಡುತ್ತದೆ. ಈ ಸ್ಕೋರ್ ಹೊರರೋಗಿಯಾಗಿ ಕೀಮೋ ಪಡೆಯುವವರಿಗಾಗಿ ಮಾಡಿದ್ದು. ಮೆದುಳಿನ ಗೆಡ್ಡೆಗೆ ಇದು ಹೊಂದುವುದಿಲ್ಲ. ಲೆನಾಲಿಡೊಮೈಡ್ ಜೊತೆ ಡೆಕ್ಸಾಮೆಥಸೋನ್ ತೆಗೆದುಕೊಳ್ಳುವ ಮೈಲೋಮಾ (ಮಜ್ಜೆಯ ಕ್ಯಾನ್ಸರ್) ರೋಗಿಗಳಿಗೂ ಇದನ್ನು ಹಚ್ಚಬಾರದು. ಅವರ ಅಪಾಯದ ಲೆಕ್ಕವೇ ಬೇರೆ.

ಮೂರು ತಲೆಮಾರಿನ ವಂಶವೃಕ್ಷ

ಹೆಚ್ಚು ಸಮಯ ಕೊಡಬೇಕಾದ ಕೆಲಸ ಇದು. ಒಂದು ಎ4 ಹಾಳೆಯ ನಡುವೆ ರೋಗಿಯ ಹೆಸರು ಬರೆದು, ಮೇಲೆ ತಂದೆತಾಯಿ, ಅವರ ಮೇಲೆ ಎರಡೂ ಕಡೆಯ ಅಜ್ಜ-ಅಜ್ಜಿ, ಪಕ್ಕದಲ್ಲಿ ಒಡಹುಟ್ಟಿದವರು, ಕೆಳಗೆ ಮಕ್ಕಳು, ಎರಡೂ ಬದಿಗೆ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಸೋದರಮಾವ, ದೊಡ್ಡಮ್ಮ, ಚಿಕ್ಕಮ್ಮಂದಿರನ್ನು ಬರೆಯಿರಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಹೆಪ್ಪು ಆಗಿದ್ದವರ ಗುರುತಿಗೆ ಮಸಿ ತುಂಬಿ, ಆಗ ಅವರ ವಯಸ್ಸೆಷ್ಟು, ಯಾವ ಸಂದರ್ಭ ಎಂದು ಪಕ್ಕದಲ್ಲೇ ಬರೆಯಿರಿ.

‘ನಮ್ಮ ಮನೆಯಲ್ಲಿ ಯಾರಿಗಾದರೂ ಥ್ರಾಂಬೋಸಿಸ್ ಆಗಿತ್ತಾ?’ ಎಂದು ಅಜ್ಜಿಯನ್ನು ಕೇಳಿದರೆ ಇಲ್ಲವೆಂದೇ ಉತ್ತರ ಬರುತ್ತದೆ. ಪ್ರಶ್ನೆ ಅವರ ಮಾತಿನಲ್ಲಿರಬೇಕು. ಬಾಣಂತನದಲ್ಲಿ ಯಾರಿಗಾದರೂ ಒಂದೇ ಕಾಲು ಬಾತು, ತಿಂಗಳುಗಟ್ಟಲೆ ಇಳಿಯಲಿಲ್ಲವೇ? ಹೆರಿಗೆಯಾದ ವಾರಗಳಲ್ಲಿ ತಲೆನೋವು, ವಾಂತಿ ಬಂದು ಫಿಟ್ಸ್ ಆಗಿ ಯಾರನ್ನಾದರೂ ನಿಮ್ಹಾನ್ಸಿಗೆ ಸೇರಿಸಿದ್ದರೇ? ಹೆರಿಗೆಯ ಬೆನ್ನಿಗೆ ಮೆದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಬಾಣಂತಿಗೆ ನೀರು ಕಡಿಮೆ ಕೊಡುವ ಹಳೆಯ ಪದ್ಧತಿಯೂ ಅದಕ್ಕೆ ಇಂಬು ಕೊಡುತ್ತದೆ. ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿದ್ದವರು ಬಚ್ಚಲಿಗೆ ಎದ್ದು ಹೋಗುವಾಗ ಕುಸಿದು ತೀರಿಕೊಂಡದ್ದುಂಟೇ? ಊರಿನಲ್ಲಿ ಅದನ್ನು ಹಾರ್ಟ್ ಅಟ್ಯಾಕ್ ಎಂದೇ ಹೇಳಿರುತ್ತಾರೆ, ಎಷ್ಟೋ ಸಲ ಅದು ಕಾಲಿನಿಂದ ಶ್ವಾಸಕೋಶಕ್ಕೆ ಹೋದ ಹೆಪ್ಪು. ಯಾರಾದರೂ ವರ್ಷಗಟ್ಟಲೆ ವಾರ್ಫರಿನ್ ಅಥವಾ ಅಸಿಟ್ರಾಮ್ ಮಾತ್ರೆ ನುಂಗಿ ‘ರಕ್ತ ತೆಳು ಮಾಡೋ ಮಾತ್ರೆ’ ಎನ್ನುತ್ತಿದ್ದರೇ? ನುಂಗಿದ್ದರೆ ಹೃದಯದ ವಾಲ್ವಿಗಾಗಿಯೋ ಹೆಪ್ಪಿಗಾಗಿಯೋ ಎಂದು ಬೇರ್ಪಡಿಸಿ.

ತೂಕ ಕೊಡಬೇಕಾದದ್ದು ಮೂರಕ್ಕೆ: ಹೆಪ್ಪು ಆದವರು ರೋಗಿಯ ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಾಗಿರುವುದು; 50 ವರ್ಷಕ್ಕಿಂತ ಮುಂಚೆ ಆಗಿರುವುದು; ಮೂಳೆ ಮುರಿತ, ಆಪರೇಷನ್‌ನಂಥ ಕಾರಣವಿಲ್ಲದೆ ಆಗಿರುವುದು. ಅಪಧಮನಿಯಲ್ಲಿ ಆಗುವ ಸಾಮಾನ್ಯ ಹೃದಯಾಘಾತ, ಸಕ್ಕರೆ ಕಾಯಿಲೆಯವರ ಲಕ್ವ ಇವನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ನಮ್ಮಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವ ರೂಢಿ ಇನ್ನೂ ಇದೆ. ವಂಶವೃಕ್ಷದಲ್ಲಿ ಅಂಥ ಮದುವೆಗೆ ಜೋಡಿಗೆರೆ ಹಾಕಿ. ಒಂದು ಪ್ರತಿ ದೋಷವಿರುವ ಜೀನ್ ತಂದೆಯಿಂದಲೂ ತಾಯಿಯಿಂದಲೂ ಬಂದು ಎರಡೂ ಪ್ರತಿ ಕೆಡುವ ಸಾಧ್ಯತೆ ಇಂಥ ಮನೆಗಳಲ್ಲಿ ಹೆಚ್ಚು. ಹೆಪ್ಪನ್ನು ತಡೆಯುವ ಪ್ರೋಟೀನ್ ಸಿ ಅಥವಾ ಪ್ರೋಟೀನ್ ಎಸ್ ಜೀನಿನ ಎರಡೂ ಪ್ರತಿ ಪೂರ್ತಿ ಕೆಟ್ಟ ಮಗುವಿಗೆ ಹುಟ್ಟಿದ ಕೆಲವೇ ಗಂಟೆ-ದಿನಗಳಲ್ಲಿ ಚರ್ಮ ಕಪ್ಪಾಗಿ ಜೀವಕ್ಕೆ ಕುತ್ತು ಬರುತ್ತದೆ. ಹಾಗೆ ಹಸುಗೂಸೊಂದು ಹೋಗಿದ್ದರೆ ಅದೂ ಹಾಳೆಯಲ್ಲಿರಲಿ. ಹಿರಿಯರು ಹೇಳಲು ಹಿಂಜರಿಯುವ ವಿಷಯ ಅದು. ಒತ್ತಾಯಿಸದೆ, ಒಬ್ಬರೇ ಇದ್ದಾಗ ಕೇಳಿ.

ರಕ್ತದ ಗುಂಪು

ಎಲ್ಲರ ಕೈಯಲ್ಲಿರುವ, ಯಾರೂ ನೋಡದ ಜೀನ್ ರಿಪೋರ್ಟು ಇದು. ಓ ಗುಂಪಿನವರಿಗಿಂತ ಎ, ಬಿ, ಎಬಿ ಗುಂಪಿನವರಿಗೆ ಅಭಿಧಮನಿಯ ಹೆಪ್ಪಿನ ಸಾಧ್ಯತೆ ಒಂದೂವರೆಯಿಂದ ಎರಡು ಪಟ್ಟು ಹೆಚ್ಚು. ಓ ಗುಂಪಿನವರ ರಕ್ತದಲ್ಲಿ ಹೆಪ್ಪುಗಟ್ಟಲು ನೆರವಾಗುವ ವಾನ್ ವಿಲ್‌ಬ್ರಾಂಡ್ ಫ್ಯಾಕ್ಟರ್ ಸುಮಾರು ಕಾಲುಭಾಗ ಕಡಿಮೆ ಇರುತ್ತದೆ, ಅದರ ಆಸರೆಯಲ್ಲಿರುವ ಫ್ಯಾಕ್ಟರ್ ಎಂಟೂ ಕಡಿಮೆ. ಈ ಏರಿಕೆ ಒಂದರಿಂದಲೇ ಹೆಪ್ಪು ತಡೆಯುವ ಔಷಧಿ ಶುರುಮಾಡುವುದಿಲ್ಲ. ಆದರೆ ಸ್ಕೋರ್ 2 ಬಂದು ವೈದ್ಯರು ಕೊಡಲೋ ಬೇಡವೋ ಎಂದು ತೂಗುತ್ತಿದ್ದರೆ ಗುಂಪನ್ನು ಅವರ ಗಮನಕ್ಕೆ ತನ್ನಿ.

ಯಾರಿಗೆ ಪರೀಕ್ಷೆ ಬೇಕು

ರಕ್ತರೋಗ ತಜ್ಞರ ಸಂಘವಾದ ಅಮೆರಿಕನ್ ಸೊಸೈಟಿ ಆಫ್ ಹೆಮಟಾಲಜಿ 2023ರಲ್ಲಿ ಕೊಟ್ಟ ಮಾರ್ಗಸೂಚಿಯ ತಿರುಳು ಹೀಗಿದೆ: ಹೊರರೋಗಿಯಾಗಿ ಕೀಮೋ ಪಡೆಯುವ, ಕ್ಯಾನ್ಸರಿನ ದೃಷ್ಟಿಯಿಂದ ಅಪಾಯ ಕಡಿಮೆ ಅಥವಾ ಮಧ್ಯಮವಾಗಿರುವ, ಆದರೆ ಕುಟುಂಬದಲ್ಲಿ ಹೆಪ್ಪಿನ ಇತಿಹಾಸವಿರುವವರಿಗೆ ವಂಶದ ಪರೀಕ್ಷೆ ಮಾಡಿ, ದೋಷ ಕಂಡರೆ ಮುಂಜಾಗ್ರತೆ ಔಷಧಿ ಕೊಡಬಹುದು. ಇದು ಷರತ್ತುಬದ್ಧ ಸಲಹೆ, ಕಟ್ಟಪ್ಪಣೆಯಲ್ಲ. ಆದರೂ ಅದರ ತರ್ಕ ಗಟ್ಟಿ. ಸ್ಕೋರ್ 3 ಬಂದವರಿಗೆ ಜೀನ್ ಹೇಗಿದ್ದರೂ ಮುಂಜಾಗ್ರತೆ ಔಷಧಿಯ ಮಾತು ಬಂದೇ ಬರುತ್ತದೆ, ಪರೀಕ್ಷೆಯಿಂದ ನಿರ್ಧಾರ ಬದಲಾಗದು. ಸ್ಕೋರ್ ಕಡಿಮೆಯಿದ್ದು ವಂಶವೃಕ್ಷವೂ ಖಾಲಿ ಇದ್ದರೆ ಪರೀಕ್ಷೆಯಿಂದ ಸಿಗುವುದು ಬಹಳ ಕಡಿಮೆ. ಸ್ಕೋರ್ 1, ತಂಗಿಗೆ 34ನೇ ವಯಸ್ಸಿನಲ್ಲಿ ಕಾಲಿನ ಹೆಪ್ಪು ಎಂಬಂಥವರಿಗೆ ಪರೀಕ್ಷೆ ನಿಜಕ್ಕೂ ದಾರಿ ತೋರಿಸುತ್ತದೆ.

ಸಾಧ್ಯವಿದ್ದರೆ ಆ ತಂಗಿಯನ್ನೇ ಮೊದಲು ಪರೀಕ್ಷಿಸಿ. ಆಕೆಗೆ ಈಗ ಕ್ಯಾನ್ಸರ್ ಇಲ್ಲ, ಕೀಮೋ ಇಲ್ಲ, ರಕ್ತ ತೆಳು ಮಾಡುವ ಔಷಧಿಯೂ ನಿಂತಿದ್ದರೆ ಫಲಿತಾಂಶ ಶುದ್ಧವಾಗಿ ಬರುತ್ತದೆ. ಆಕೆಯಲ್ಲಿ ಪ್ರೋಟೀನ್ ಎಸ್ ಕೊರತೆ ಖಚಿತವಾದರೆ ರೋಗಿಗೆ ಅದೊಂದನ್ನೇ ನೋಡಿದರೆ ಸಾಕು. ಖರ್ಚೂ ಉಳಿಯುತ್ತದೆ, ಗೊಂದಲವೂ ತಪ್ಪುತ್ತದೆ.

ಯಾವ ಪರೀಕ್ಷೆ, ನಮ್ಮ ಜನರಲ್ಲಿ ಯಾವುದಕ್ಕೆ ಬೆಲೆ

ಜಗತ್ತಿನಾದ್ಯಂತ ಮಾರಾಟವಾಗುವ ಥ್ರಾಂಬೊಫಿಲಿಯಾ (ಹೆಪ್ಪುಗಟ್ಟುವ ಒಲವು) ಪ್ಯಾನೆಲ್‌ಗಳ ಮುಖ್ಯ ಸಾಲುಗಳು ಎರಡು. ಫ್ಯಾಕ್ಟರ್ ಫೈವ್ ಲೈಡನ್ ಬದಲಾವಣೆಯನ್ನು ಗುರುತಿಸಿದ್ದು 1994ರಲ್ಲಿ, ನೆದರ್‌ಲೆಂಡ್ಸ್‌ನ ಲೈಡನ್ ನಗರದಲ್ಲಿ. ಎರಡನೆಯದು ಪ್ರೋಥ್ರಾಂಬಿನ್ ಜೀನಿನ ಜಿ20210ಎ ಬದಲಾವಣೆ, ಪತ್ತೆಯಾದದ್ದು 1996ರಲ್ಲಿ. ಯುರೋಪಿನ ಮೂಲದವರಲ್ಲಿ ಮೊದಲನೆಯದು ನೂರಕ್ಕೆ ಸುಮಾರು 5 ಜನರಲ್ಲಿ, ಎರಡನೆಯದು ಸುಮಾರು 2 ಜನರಲ್ಲಿ ಇರುತ್ತದೆ. ನಮ್ಮಲ್ಲಿ ಲೈಡನ್ ಇದಕ್ಕಿಂತ ಬಹಳ ಕಡಿಮೆ, ಜಿ20210ಎ ಅಂತೂ ಅತಿ ವಿರಳ. ಈ ಎರಡು ಸಾಲು ‘ನೆಗೆಟಿವ್’ ಬಂದರೆ ಅದರಿಂದ ತಿಳಿಯುವುದು ನಾವು ಯುರೋಪಿನವರಲ್ಲ ಎಂಬುದಕ್ಕಿಂತ ಹೆಚ್ಚೇನಲ್ಲ.

ಏಷ್ಯಾದ ಜನರಲ್ಲಿ ನೋಡಬೇಕಾದದ್ದು ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಮೂರು ಸ್ವಾಭಾವಿಕ ಕಡಿವಾಣಗಳನ್ನು: ಆಂಟಿಥ್ರಾಂಬಿನ್, ಪ್ರೋಟೀನ್ ಸಿ, ಪ್ರೋಟೀನ್ ಎಸ್. ಇವುಗಳ ಕೊರತೆ ಒಂದೇ ನಿಗದಿತ ಅಕ್ಷರದೋಷದಿಂದ ಬರುವುದಿಲ್ಲ. ಒಂದೊಂದು ಮನೆತನದಲ್ಲಿ ಒಂದೊಂದು ಕಡೆ ಜೀನ್ ಕೆಟ್ಟಿರುತ್ತದೆ. ಅದಕ್ಕೇ ಎರಡು-ಮೂರು ಸ್ಥಾನ ನೋಡುವ ಡಿಎನ್‌ಎ ಪ್ಯಾನೆಲ್ಲಿಗೆ ಇವು ಸಿಗುವುದೇ ಇಲ್ಲ. ರಕ್ತದಲ್ಲಿ ಆ ಪ್ರೋಟೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯಬೇಕು. ಚೀಟಿಯಲ್ಲಿ ‘ಆಂಟಿಥ್ರಾಂಬಿನ್ ಆಕ್ಟಿವಿಟಿ, ಪ್ರೋಟೀನ್ ಸಿ ಆಕ್ಟಿವಿಟಿ, ಫ್ರೀ ಪ್ರೋಟೀನ್ ಎಸ್’ ಎಂದು ಬರೆಸಿಕೊಳ್ಳಿ. ‘ಆಂಟಿಜೆನ್’ ಪರೀಕ್ಷೆಯೊಂದನ್ನೇ ಮಾಡಿದರೆ ಪ್ರಮಾಣ ಸರಿಯಿದ್ದು ಕೆಲಸ ಮಾಡದ ಪ್ರೋಟೀನ್ ತಪ್ಪಿಸಿಕೊಳ್ಳುತ್ತದೆ.

ಎಂಟಿಎಚ್‌ಎಫ್‌ಆರ್ ಎಂಬ ಜೀನಿನ ಸಾಲಿನಲ್ಲಿ ‘ಪಾಸಿಟಿವ್’ ಬಂದರೆ ಗಾಬರಿ ಬೇಡ. ಅದು ಸಾಮಾನ್ಯ ಜನರಲ್ಲೇ ಹೇರಳವಾಗಿದೆ, ಹೆಪ್ಪಿನ ಅಪಾಯ ತೂಗಲು ಅದನ್ನು ನೋಡಬಾರದೆಂದೇ ಮಾರ್ಗಸೂಚಿಗಳು ಹೇಳುತ್ತವೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯಿಂದ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಂಶ ಏರಿರುವುದು ತುಂಬ ಸಾಮಾನ್ಯ. ಬಿ12 ಕೊರತೆಯನ್ನು ಅದರದೇ ಕಾರಣಕ್ಕೆ ಸರಿಪಡಿಸಬೇಕು ನಿಜ, ಆದರೆ ವಿಟಮಿನ್ ಕೊಟ್ಟು ಹೋಮೋಸಿಸ್ಟೀನ್ ಇಳಿಸಿದರೂ ಹೆಪ್ಪು ಕಡಿಮೆಯಾಗಲಿಲ್ಲವೆಂದು ಪ್ರಯೋಗಗಳು ತೋರಿಸಿವೆ. ಆ ರಿಪೋರ್ಟು ಕಂಡು ಮೆಡಿಕಲ್ ಶಾಪಿನಿಂದ ತಾವೇ ಫೋಲಿಕ್ ಆಸಿಡ್ ತಂದು ನುಂಗುವುದು ಮಾತ್ರ ಅಪಾಯ: ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧಿ ಕೆಲಸ ಮಾಡುವುದೇ ಫೋಲೇಟನ್ನು ತಡೆದು. ಪೆಮೆಟ್ರೆಕ್ಸೆಡ್ ಎಂಬ ಕೀಮೋ ಪಡೆಯುವವರಿಗೆ ಫೋಲಿಕ್ ಆಸಿಡ್ ಕಡ್ಡಾಯ, ಆದರೆ ಅದರ ಪ್ರಮಾಣ ವೈದ್ಯರು ಬರೆದಷ್ಟೇ.

ಹೆಪ್ಪಿನ ಕಡೆಗೆ ವಾಲಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು ವಂಶದಿಂದ ಬರುವುವಲ್ಲ. ಆದರೂ ಅದೇ ಪ್ಯಾನೆಲ್ಲಿನಲ್ಲಿ ಸೇರಿರುತ್ತವೆ. ಒಮ್ಮೆ ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ ನೋಡದೆ ಆ ಹಣೆಪಟ್ಟಿ ಹಚ್ಚುವಂತಿಲ್ಲ.

ಯಾವಾಗ, ಹೇಗೆ ರಕ್ತ ಕೊಡಬೇಕು

ಹೆಚ್ಚಿನ ತಪ್ಪು ರಿಪೋರ್ಟುಗಳು ಹುಟ್ಟುವುದು ಈ ಹಂತದಲ್ಲಿ. ಡಿಎನ್‌ಎ ಪರೀಕ್ಷೆಯನ್ನು ಯಾವ ದಿನ ಬೇಕಾದರೂ, ಯಾವ ಔಷಧಿಯ ನಡುವೆಯೂ ಮಾಡಬಹುದು. ಪ್ರೋಟೀನ್ ಅಳೆಯುವ ಪರೀಕ್ಷೆ ಹಾಗಲ್ಲ. ಹೊಸ ಹೆಪ್ಪು ಆದ ದಿನಗಳಲ್ಲಿ ಈ ಪ್ರೋಟೀನ್‌ಗಳು ಖರ್ಚಾಗಿ ಕಡಿಮೆ ಬರುತ್ತವೆ. ಮೂರು ತಿಂಗಳು ಕಾಯುವುದು ಲೇಸು. ಹೆಪ್ಪು ತಡೆಯುವ ಹೆಪಾರಿನ್ ಇಂಜೆಕ್ಷನ್ ನಡೆದಿದ್ದರೆ ಆಂಟಿಥ್ರಾಂಬಿನ್ ಇಳಿಯುತ್ತದೆ. ವಾರ್ಫರಿನ್ ಪ್ರೋಟೀನ್ ಸಿ, ಎಸ್ ಎರಡನ್ನೂ ಇಳಿಸುತ್ತದೆ. ವೈದ್ಯರು ನಿಲ್ಲಿಸಿದ ಮೇಲೆ ಕನಿಷ್ಠ 2 ವಾರ, ಸಾಧ್ಯವಾದರೆ 4ರಿಂದ 6 ವಾರ ಬಿಡಬೇಕು. ಪರೀಕ್ಷೆಯ ಆಸೆಗೆ ನಾವೇ ಮಾತ್ರೆ ನಿಲ್ಲಿಸಬಾರದು, ಅದರಿಂದ ಪ್ರಾಣಕ್ಕೇ ಸಂಚಕಾರ. ರಕ್ತ ತೆಳು ಮಾಡುವ ಬೇರೆ ಮಾತ್ರೆಗಳಾದ ಅಪಿಕ್ಸಬಾನ್, ರಿವರಾಕ್ಸಬಾನ್‌ಗಳು ಉಲ್ಟಾ ಕೆಲಸ ಮಾಡುತ್ತವೆ: ಕೆಲವು ವಿಧಾನಗಳಲ್ಲಿ ಆಂಟಿಥ್ರಾಂಬಿನ್, ಪ್ರೋಟೀನ್ ಎಸ್ ಇದ್ದದ್ದಕ್ಕಿಂತ ಹೆಚ್ಚು ತೋರಿ ನಿಜವಾದ ಕೊರತೆ ಮುಚ್ಚಿಹೋಗುತ್ತದೆ. ಗರ್ಭಿಣಿಯರಲ್ಲಿ, ಈಸ್ಟ್ರೋಜೆನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಪ್ರೋಟೀನ್ ಎಸ್ ಸಹಜವಾಗಿಯೇ ಕಡಿಮೆ. ರಕ್ತದ ಕ್ಯಾನ್ಸರಿನ ಆಸ್ಪರಾಜಿನೇಸ್ ಇಂಜೆಕ್ಷನ್ ಆಂಟಿಥ್ರಾಂಬಿನ್ನನ್ನು ತೀರ ಇಳಿಸುತ್ತದೆ. ಯಕೃತ್ತಿಗೆ ಗೆಡ್ಡೆ ಹರಡಿದ್ದರೆ ಮೂರೂ ಕಡಿಮೆ ಇರಬಹುದು, ಏಕೆಂದರೆ ಅವು ತಯಾರಾಗುವ ಮುಖ್ಯ ಕಾರ್ಖಾನೆ ಯಕೃತ್ತೇ. ಇವುಗಳಲ್ಲಿ ಯಾವುದಿದ್ದರೂ ಚೀಟಿಯ ಮೇಲೆ ಬರೆಯಿಸಿ. ಒಂದೇ ಸಲದ ಕಡಿಮೆ ಅಂಕಿಯಿಂದ ವಂಶದ ಕೊರತೆ ಎಂದು ತೀರ್ಮಾನಿಸಬೇಡಿ. ಬೇರೆ ದಿನ ಇನ್ನೊಮ್ಮೆ ಕಡಿಮೆ ಬರಬೇಕು, ಮನೆಯ ಇನ್ನೊಬ್ಬರಲ್ಲೂ ಕಂಡರೆ ಗಟ್ಟಿ.

ರಕ್ತ ತೆಗೆಯುವಾಗ ಕಣ್ಣಿಡಬೇಕಾದದ್ದು ಟ್ಯೂಬಿನ ಮೇಲೆ. ಡಿಎನ್‌ಎಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು, ಪ್ರೋಟೀನ್‌ಗೆ ತಿಳಿನೀಲಿ ಮುಚ್ಚಳದ 3.2% ಸಿಟ್ರೇಟ್ ಟ್ಯೂಬು. ನೀಲಿಯದನ್ನು ನೇರಳೆಗಿಂತ ಮೊದಲು ತುಂಬಬೇಕು. ಅದರಲ್ಲಿ 0.3 ಮಿ.ಲೀ. ಸಿಟ್ರೇಟಿಗೆ 2.7 ಮಿ.ಲೀ. ರಕ್ತ, ಗೆರೆ ಮುಟ್ಟುವಷ್ಟು, ಬೀಳಲೇಬೇಕು. ಅರ್ಧ ತುಂಬಿದ ಟ್ಯೂಬಿನಲ್ಲಿ ಸಿಟ್ರೇಟ್ ಹೆಚ್ಚಾಗಿ ಫಲಿತಾಂಶ ಕೆಡುತ್ತದೆ. ಕ್ಯಾನ್ಸರ್ ವಾರ್ಡುಗಳಲ್ಲಿ ಪೋರ್ಟಿನಿಂದಲೇ ರಕ್ತ ಎಳೆಯುವುದು ರೂಢಿ. ಹೆಪಾರಿನ್‌ನಿಂದ ಫ್ಲಶ್ ಮಾಡಿದ ಪೋರ್ಟಿನ ರಕ್ತ ಈ ಪರೀಕ್ಷೆಗೆ ಬೇಡ, ಕೈಯಿಂದಲೇ ತೆಗೆಯಿರಿ ಎಂದು ವಿನಂತಿಸಿ. ನಾಲ್ಕು ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಿ ಪರೀಕ್ಷಿಸಬೇಕು, ಇಲ್ಲವೇ ಘನೀಕರಿಸಬೇಕು. ಮಾರತ್ತಹಳ್ಳಿಯ ಮನೆಯಿಂದ ಬೈಕಿನಲ್ಲಿ ಹೊರಟ ಸ್ಯಾಂಪಲ್ಲು ಹತ್ತು ಮನೆ ಸುತ್ತಿ, ಸಿಲ್ಕ್ ಬೋರ್ಡ್ ದಾಟಿ ಲ್ಯಾಬು ಸೇರುವ ಹೊತ್ತಿಗೆ ಆ ಗಡುವು ಮುಗಿದಿರುತ್ತದೆ. ನೇರಳೆ ಟ್ಯೂಬನ್ನು ಮನೆಯಲ್ಲಿ ಕೊಡಿ, ನೀಲಿಯದಕ್ಕೆ ಲ್ಯಾಬಿನ ಮುಖ್ಯ ಕೇಂದ್ರಕ್ಕೇ ಬೆಳಿಗ್ಗೆ ಹೋಗಿ.

ಬೇರೊಬ್ಬರ ಮಜ್ಜೆ ಕಸಿಯಾಗಿದ್ದರೆ ರಕ್ತದಲ್ಲಿರುವುದು ದಾನಿಯ ಡಿಎನ್‌ಎ. ಅದನ್ನು ಪರೀಕ್ಷಿಸಿದರೆ ತಿಳಿಯುವುದು ದಾನಿಯ ವಂಶ. ಕಸಿಯಾದದ್ದನ್ನು ಲ್ಯಾಬಿಗೆ ಹೇಳದಿದ್ದರೆ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ದೋಷ ಕಂಡರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ

ಮುಂಜಾಗ್ರತೆಯ ಔಷಧಿ ಮೊದಲನೆಯದು. ಖೊರಾನಾ ಸ್ಕೋರ್ 2 ಅಥವಾ ಮೇಲಿದ್ದವರಿಗೆ ಅಪಿಕ್ಸಬಾನ್ 2.5 ಮಿ.ಗ್ರಾಂ ದಿನಕ್ಕೆರಡು ಸಲ ಕೊಟ್ಟು ಆರು ತಿಂಗಳು ಗಮನಿಸಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಔಷಧಿ ಪಡೆದವರಲ್ಲಿ 4.2%, ಪಡೆಯದವರಲ್ಲಿ 10.2% ಜನರಿಗೆ ಹೆಪ್ಪು ಆಯಿತು. ದೊಡ್ಡ ರಕ್ತಸ್ರಾವ ಮಾತ್ರ 1.8%ರಿಂದ 3.5%ಕ್ಕೆ ಏರಿತು. ಈ ತಕ್ಕಡಿಯನ್ನು ವೈದ್ಯರು ಪ್ರತಿ ರೋಗಿಗೂ ತೂಗಬೇಕು. ತೆಗೆಯದೆ ಉಳಿದಿರುವ ಜಠರದ, ಕರುಳಿನ, ಮೂತ್ರಕೋಶದ ಗೆಡ್ಡೆ ಇದ್ದರೆ ಮಾತ್ರೆಯಿಂದ ರಕ್ತಸ್ರಾವದ ಭಯ ಹೆಚ್ಚು, ಅಂಥಲ್ಲಿ ಹೆಪಾರಿನ್ ಬಗೆಯದೇ ಆದ ಎನಾಕ್ಸಾಪರಿನ್ ಚುಚ್ಚುಮದ್ದಿನ ಕಡೆ ವಾಲುತ್ತಾರೆ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿಳಿದ ದಿನ ಮುಂದಿನ ಡೋಸಿಗೆ ಮುನ್ನ ವೈದ್ಯರಿಗೆ ಫೋನ್ ಮಾಡಿ. ಫಿಟ್ಸ್‌ನ ಫೆನಿಟಾಯಿನ್, ಟಿಬಿಯ ರಿಫಾಂಪಿಸಿನ್ ಔಷಧಿಗಳು ಅಪಿಕ್ಸಬಾನ್ ಮಾತ್ರೆಯ ಬಲ ಕುಗ್ಗಿಸುತ್ತವೆ. ಶಿಲೀಂಧ್ರದ ಇಟ್ರಾಕೊನಜೋಲ್ ಹೆಚ್ಚಿಸುತ್ತದೆ. ಮೈಕೈ ನೋವಿಗೆ ಡೈಕ್ಲೊಫೆನಾಕ್, ಬ್ರೂಫೆನ್ ಬೇಡ.

ದೋಷ ಯಾವುದೆಂದು ಗೊತ್ತಿದ್ದರೆ ಔಷಧಿಯ ಆಯ್ಕೆಯೂ ಬದಲಾಗುತ್ತದೆ. ಆಂಟಿಥ್ರಾಂಬಿನ್ ಕೊರತೆಯಲ್ಲಿ ಹೆಪಾರಿನ್ ಸರಿಯಾಗಿ ಹಿಡಿಯದೇ ಹೋಗಬಹುದು, ಏಕೆಂದರೆ ಹೆಪಾರಿನ್ ದುಡಿಯುವುದೇ ಆಂಟಿಥ್ರಾಂಬಿನ್ ಮೂಲಕ. ಡೋಸ್ ತೂಗಲು ‘ಆಂಟಿ ಟೆನ್-ಎ’ ಪರೀಕ್ಷೆ ಬೇಕಾಗುತ್ತದೆ. ಪ್ರೋಟೀನ್ ಸಿ ಅಥವಾ ಎಸ್ ಕೊರತೆಯವರಿಗೆ ಬೇರೆ ಔಷಧಿಯ ರಕ್ಷಣೆಯಿಲ್ಲದೆ ವಾರ್ಫರಿನ್ ಶುರುಮಾಡಿದರೆ ಮೊದಲ ವಾರದಲ್ಲೇ ಚರ್ಮ ಸಾಯುವ ಅನಾಹುತ ಆಗಬಹುದು. ಸ್ತನ ಕ್ಯಾನ್ಸರಿನ ಟಾಮಾಕ್ಸಿಫೆನ್ ಹೆಪ್ಪಿನ ಸಾಧ್ಯತೆಯನ್ನು ಎರಡು-ಮೂರು ಪಟ್ಟು ಏರಿಸುತ್ತದೆ. ಮುಟ್ಟು ನಿಂತ ಮಹಿಳೆಯಲ್ಲಿ ವಂಶದ ದೋಷ ಖಚಿತವಾಗಿದ್ದರೆ ಲೆಟ್ರೊಜೋಲ್‌ನಂಥ ಬೇರೆ ಬಗೆಯ ಮಾತ್ರೆ ಸಾಧ್ಯವೇ ಎಂದು ಕೇಳಿ.

ಚುಚ್ಚುಮದ್ದನ್ನು ಮನೆಯಲ್ಲಿ ಕೊಡುವುದಾದರೆ ಹೊಕ್ಕುಳಿನಿಂದ 5 ಸೆಂ.ಮೀ. ದೂರ, ಒಂದು ದಿನ ಎಡ, ಒಂದು ದಿನ ಬಲ. ತುಂಬಿಸಿ ಬಂದ ಸಿರಿಂಜಿನ ಗಾಳಿಗುಳ್ಳೆಯನ್ನು ಹೊರಹಾಕಬೇಡಿ, ಚುಚ್ಚಿದ ಜಾಗವನ್ನು ಉಜ್ಜಬೇಡಿ. ಕಲಬುರಗಿ, ಬೀದರ್, ರಾಯಚೂರಿನಿಂದ ರಾತ್ರಿ ಬಸ್ಸಿನಲ್ಲಿ ಕೀಮೋಗೆ ಬರುವವರು ಬಸ್ ನಿಂತಲ್ಲೆಲ್ಲ ಇಳಿದು ನಡೆಯಲಿ, ಕೂತಲ್ಲೇ ಗಂಟೆಗೊಮ್ಮೆ ಪಾದವನ್ನು ಇಪ್ಪತ್ತು-ಮೂವತ್ತು ಸಲ ಮೇಲೆ ಕೆಳಗೆ ಆಡಿಸಲಿ. ಮೂತ್ರಕ್ಕೆ ಹೋಗಬೇಕಾದೀತೆಂದು ನೀರು ಬಿಡುವುದು ಬೇಡ.

ತಡಮಾಡಬಾರದ ಗುರುತುಗಳು

ಮನೆಯಲ್ಲಿ ದರ್ಜಿಯ ಟೇಪು ಇಟ್ಟುಕೊಳ್ಳಿ. ಮೊಣಕಾಲ ಚಿಪ್ಪಿನ ಕೆಳಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಮೀನಖಂಡ ಅಳೆಯಿರಿ. 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅದೇ ದಿನ ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಆಗಬೇಕು. ಅಳತೆ ಅಷ್ಟಿಲ್ಲದೆ ನೋವು, ಊತ ಹೊಸದಾಗಿದ್ದರೂ ತೋರಿಸಿ. ಪೋರ್ಟ್ ಇರುವ ಬದಿಯ ತೋಳು, ಕತ್ತು ಬಾತರೂ ಹಾಗೆಯೇ. ಹೆಪ್ಪಿನ ಸುಳಿವಿಗಾಗಿ ಮಾಡುವ ಡಿ-ಡೈಮರ್ ರಕ್ತಪರೀಕ್ಷೆಯ ಅಂಕಿ ಕ್ಯಾನ್ಸರ್ ರೋಗಿಗಳಲ್ಲಿ ಹೆಪ್ಪಿಲ್ಲದೆಯೂ ಏರಿರುತ್ತದೆ, ಆದ್ದರಿಂದ ಆ ಅಂಕಿಯನ್ನೇ ನಂಬಿ ಸ್ಕ್ಯಾನ್ ಬಿಡುವಂತಿಲ್ಲ. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆ ಚುಚ್ಚುವುದು, ಕೆಮ್ಮಿನಲ್ಲಿ ರಕ್ತ, ತಲೆಸುತ್ತಿ ಬೀಳುವುದು ಇವು ಕಂಡರೆ 108ಕ್ಕೆ ಫೋನ್ ಮಾಡಿ; ಮಾರನೆಯ ದಿನದ ಒಪಿಡಿಗೆ ಕಾಯಬೇಡಿ.

ಮನೆಯ ಉಳಿದವರು

ಒಂದು ಪ್ರತಿ ದೋಷವಿರುವವರ ಪ್ರತಿ ಮಗುವಿಗೂ, ಒಡಹುಟ್ಟಿದವರಿಗೂ ಅದು ಇರುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ 50. ಗಂಡಸರಿಗೆ ಆಪರೇಷನ್ ಸಮಯದಲ್ಲಿ ಈ ತಿಳಿವು ಬೇಕಾಗುತ್ತದೆ. ಹೆಣ್ಣುಮಕ್ಕಳಿಗೆ ಇನ್ನೂ ಹೆಚ್ಚು: ಗರ್ಭನಿರೋಧಕ ಮಾತ್ರೆ ಆರಿಸುವಾಗ, ಬಸುರಿಯಾದಾಗ, ಹೆರಿಗೆಯ ನಂತರದ ಆರು ವಾರ. ಪರೀಕ್ಷೆಗೆ ಮುನ್ನ ಜೆನೆಟಿಕ್ ಕೌನ್ಸೆಲರ್ ಅಥವಾ ಹೆಮಟಾಲಜಿಸ್ಟ್ (ರಕ್ತರೋಗ ತಜ್ಞ) ಜೊತೆ ಕೂತು ಮಾತಾಡಿ. ವಿಮೆಯ ಭಯದಿಂದ ಪರೀಕ್ಷೆ ಮುಚ್ಚಿಡುವವರಿದ್ದಾರೆ. ‘ಜೆನೆಟಿಕ್ ಕಾಯಿಲೆ’ ಎಂಬ ಹೊರತುಪಡಿಕೆಯ ಹೆಸರಿನಲ್ಲಿ ಆರೋಗ್ಯ ವಿಮೆಯ ಕ್ಲೇಮ್ ತಿರಸ್ಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಮಾರ್ಚ್‌ನಲ್ಲೇ ಕಂಪನಿಗಳಿಗೆ ಸೂಚಿಸಿದೆ.

ಫಲಿತಾಂಶ ಬಂದ ದಿನವೇ ಫೈಲಿನ ಮೊದಲ ಹಾಳೆಯ ಮೇಲ್ತುದಿಯಲ್ಲಿ ಕೆಂಪು ಶಾಯಿಯಲ್ಲಿ ನಾಲ್ಕು ಸಾಲು ಬರೆಯಿರಿ: ದೋಷದ ಪೂರ್ತಿ ಹೆಸರು, ಪರೀಕ್ಷೆಯ ತಾರೀಕು ಮತ್ತು ಅಂಕಿ, ಆಗ ನಡೆದಿದ್ದ ಔಷಧಿ, ಮನೆಯಲ್ಲಿ ಇದೇ ದೋಷ ಇರುವವರು. ವಂಶವೃಕ್ಷದ ಹಾಳೆಯನ್ನು ಅದರ ಹಿಂದೆ ಪಿನ್ ಮಾಡಿ, ಎರಡರದೂ ಜೆರಾಕ್ಸ್ ತೆಗೆಸಿ ಮಗಳ ಫೈಲಿಗೆ, ತಂಗಿಯ ಫೈಲಿಗೆ ಒಂದೊಂದು ಸೇರಿಸಿ.